ಬಣ್ಣ ಬರಲಿಲ್ಲ ಅಂದರೆ

ತಾವು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಹೆಸರಿನ ಚೀಟಿ ಇಲ್ಲದ ಬಾಟಲಿ ಕಂಡರೆ ನನ್ನ ಗಂಡ ಅದನ್ನು ಇಟ್ಟವರ ಜನ್ಮ ಜಾಲಾಡುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ, ಸಿಂಕಿನ ಮೇಲಿನ ಹಲಗೆಯ ಮೇಲೆ, ಉಪ್ಪಿನ ಡಬ್ಬಿಗೂ ಪಾತ್ರೆ ಸೋಪಿಗೂ ನಡುವೆ ಕಂದು ಗಾಜಿನ ಬಾಟಲಿಯೊಂದು ವರ್ಷಗಟ್ಟಲೆ ಕೂತಿತ್ತು. ಅದಕ್ಕೆ ಚೀಟಿ ಇರಲಿಲ್ಲ. ಮುಚ್ಚಳಕ್ಕೇ ರಬ್ಬರ್ ತಲೆಯ ಡ್ರಾಪರ್ ಇತ್ತು. ಮನೆಗೆ ಬಂದವರು ಕಿವಿಗೆ ಬಿಡುವ ಔಷಧಿ ಇರಬೇಕು ಅಂದುಕೊಳ್ಳುತ್ತಿದ್ದರು. ನಾನು ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದೆ.

ಇವರದು ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ. ಅಲ್ಲಿಯ ಕಿರಿಯರು ಇವರಿಗೆ ಇಟ್ಟ ಅಡ್ಡಹೆಸರು ಹನಿ ಸಾಹೇಬರು. ಒಂದು ಹನಿ ಹೆಚ್ಚು ಬಿತ್ತೆಂದರೆ ಮಾಡಿದ್ದನ್ನೆಲ್ಲ ಚೆಲ್ಲಿಸಿ ಮೊದಲಿಂದ ಮಾಡಿಸುವ ಆಸಾಮಿ. ಸುರಕ್ಷತೆಯ ಉಸ್ತುವಾರಿಯೂ ಇವರದೇ. ಅಲ್ಲಿ ಕೇಳುವವರು ಕಡಿಮೆಯಾದರು ಅನ್ನಿಸಿದ ದಿನ ಊಟಕ್ಕೆ ಕೂತಾಗ ನನಗೆ ಪಾಠ. ಬಣ್ಣದ ಪುಡಿ ತೂಗುವಾಗ ಕೈಗವಸು ಬೇಕು, ಮಾಸ್ಕ್ ಬೇಕು, ಗಾಳಿಯನ್ನು ಹೊರಗೆ ಎಳೆಯುವ ಗಾಜಿನ ಗೂಡಿನೊಳಗೇ ತೂಗಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿದ್ದನ್ನು ಬೆಂಕಿಯ ಹತ್ತಿರ ಇಡಬಾರದು. ಬಾಟಲಿಯ ಮೇಲೆ ಒಳಗಿರುವುದು ಏನು, ಎಷ್ಟು ಗಟ್ಟಿ, ಯಾವತ್ತು ಮಾಡಿದ್ದು ಎಂದು ಬರೆಯಬೇಕು. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಬಾಯಿ ಒರೆಸಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯದ ಯಾವ ವಸ್ತುವೂ ತಿನ್ನುವ ಕುಡಿಯುವ ಜಾಗಕ್ಕೆ ಬರಕೂಡದು. ತುತ್ತಿನ ನಡುನಡುವೆ ಇಷ್ಟನ್ನೂ ಹೇಳುತ್ತಿದ್ದರು. ಸವತಿ ಅವರ ತಲೆಯ ಮೇಲೆಯೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಬಾಟಲಿಯಲ್ಲಿದ್ದದ್ದು ಸ್ಪಿರಿಟ್ಟಿನಲ್ಲಿ ಕರಗಿಸಿದ ಫಿನಾಫ್ತಲೀನ್. ನೋಡಲು ನೀರಿನಂತೆಯೇ. ಸೋಪೋ ಸೋಡವೋ ಸೋಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಇಲ್ಲವಾದರೆ ಬಣ್ಣವೇ ಇಲ್ಲ. ಗಾಜಿನ ಪಾತ್ರೆಗಳನ್ನು ತೊಳೆದು ರಾಶಿ ಹಾಕಿದ ಮೇಲೆ ಸೋಪು ಪೂರ್ತಿ ಹೋಗಿದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಒಂದು ಪಾತ್ರೆ ಎತ್ತಿಕೊಂಡು ಅದಕ್ಕೊಂದು ಹನಿ ಬಿಡುತ್ತಾರಂತೆ. ಹನಿ ಬಿದ್ದ ಆ ಪಾತ್ರೆ, ಬಣ್ಣ ಬರಲಿ ಬಿಡಲಿ, ಮತ್ತೆ ತೊಳೆಯುವ ತೊಟ್ಟಿಗೇ ಹೋಗಬೇಕು. ಇದನ್ನು ನನಗೆ ಹೇಳಿದವರೂ ಇವರೇ. ಮನೆಗೆ ಬರುವಷ್ಟರಲ್ಲಿ ಈ ಕೊನೆಯ ಮಾತು ಮಾತ್ರ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಮದುವೆಯಾದ ಹೊಸದರಲ್ಲಿ ನಾನು ತೊಳೆದ ಲೋಟದಲ್ಲಿ ಸೋಪಿನ ವಾಸನೆ ಬಂತು ಎಂದು ಆ ಬಾಟಲಿ ತಂದರು. ಲೋಟಕ್ಕೆ ಹನಿ ಬಿಟ್ಟು, ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, “ನೋಡು,” ಅಂದರು.

“ಏನ್ರೀ ನೋಡೋದು?”

“ಗುಲಾಬಿ.”

“ಚೆನ್ನಾಗಿದೆ. ಇದೇ ಬಣ್ಣದ ಬಟ್ಟೆ ತಂದ್ಕೊಡಿ, ಹೊಲ್ಕೋತೀನಿ.”

“ಇನ್ನೊಂದ್ಸಲ ತೊಳಿ.”

ಮನೆಯಲ್ಲಿ ಯಾವತ್ತೂ ದನಿ ಏರಿಸಿದವರಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗಬಹುದಿತ್ತು. ಬೆಳಕಿಗೆ ಹಿಡಿದ ಲೋಟದ ಎದುರು ಯಾರು ಜಗಳ ಆಡುತ್ತಾರೆ? ಬಣ್ಣ ಬಾರದಿದ್ದರೆ ಮಾತ್ರ, “ಈಗ ಸರಿ. ಬಣ್ಣ ಬರ್ಲಿಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ ಅಂತ,” ಎಂದು ಮೆಚ್ಚಿದವರಂತೆ ತಲೆಯಾಡಿಸುತ್ತಿದ್ದರು. ಒಮ್ಮೆ ನಾನು ಹನಿ ಬಿದ್ದ ಲೋಟವನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿಯಲು ಹೋದೆ. ತಡೆದರು. “ಮತ್ತೆ ನೀರು ಹಿಡಿದ್ರೆ ಮತ್ತೆ ಪರೀಕ್ಷೆ ಮಾಡ್ಬೇಕಾಗುತ್ತೆ. ಸ್ಪಿರಿಟ್ ತಾನೇ, ಆರಿಹೋಗುತ್ತೆ. ಹಾಗೇ ಬೋರಲು ಹಾಕು.”

ಸ್ಪಿರಿಟ್ ಆರಿಹೋಗುತ್ತಿತ್ತು, ಸುಳ್ಳಲ್ಲ. ಅದರಲ್ಲಿ ಕರಗಿದ್ದದ್ದು ಗಾಜಿಗೆ ಅಂಟಿಕೊಂಡು ಉಳಿಯುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದು ಇವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಆಮೇಲೆ ಮಗಳು ಹುಟ್ಟಿದಳು. ಎತ್ತಿಕೊಂಡವರ ಕೈ ಸೋತುಹೋಗುವಷ್ಟು ದುಂಡಗೆ ಇದ್ದಳು, ಹಾಗಾಗಿ ಗುಂಡಮ್ಮ. ನನ್ನ ಹಾಲು ಕುಡಿಯುವವರೆಗೂ ಗುಂಡಮ್ಮನೇ ಆಗಿದ್ದಳು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೇರೆಯವರ ಬಟ್ಟೆ ಅಳತೆಗೆ ಸರಿಮಾಡಿಕೊಡುವವಳು. ಕೆಲಸ ಮತ್ತೆ ಹಿಡಿದಾಗ ಅವಳಿಗೆ ಬಾಟಲಿ ಹಾಲು ಅಭ್ಯಾಸ ಮಾಡಿಸಿದೆ. ಅಲ್ಲಿಂದ ಶುರುವಾಯಿತು ಭೇದಿ. ಒಂದು ದಿನ ನಿಂತಂತೆ ಮಾಡಿ ಮರುದಿನ ಮತ್ತೆ. ಹಾಲು ಬದಲಾಯಿಸಿದೆವು, ನೀರು ಕುದಿಸಿದೆವು, ಕುದಿಸಿದ್ದನ್ನು ಇನ್ನೊಮ್ಮೆ ಕುದಿಸಿದೆವು. ಬೀದಿ ತುದಿಯ ವೈದ್ಯರು ಕೊಟ್ಟ ಪುಡಿಗಳನ್ನೆಲ್ಲ ಕಲಸಿ ಕುಡಿಸಿದೆ. ಮಗು ದಿನದಿನಕ್ಕೂ ಬತ್ತಿತು. ಬೇರೆ ತಾಯಂದಿರು ಮಕ್ಕಳ ಫ್ರಾಕಿನ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಲು ನನ್ನ ಹತ್ತಿರ ಬರುತ್ತಿದ್ದರು. ನಾನು ನನ್ನ ಮಗಳ ಫ್ರಾಕಿನ ಹೊಲಿಗೆಯನ್ನು ಒಳಗೆ ಒಳಗೆ ತೆಗೆದುಕೊಳ್ಳುತ್ತಿದ್ದೆ.

ಇವರು ಯೋಚಿಸಿ ಯೋಚಿಸಿ ಕಾರಣ ಕಂಡುಹಿಡಿದರು. ಸೋಪು. “ನೀನು ಬಾಟ್ಲಿ ಸರಿಯಾಗಿ ತೊಳೀತಿಲ್ಲ. ಸೋಪಿನ ಅಂಶ ಹೊಟ್ಟೆಗೆ ಹೋಗ್ತಿದೆ.” ಅಲ್ಲಿಯವರೆಗೆ ಅವಳ ಬಾಟಲಿಗೂ ಆಗೊಮ್ಮೆ ಈಗೊಮ್ಮೆ ಇದ್ದದ್ದು ಪ್ರತಿ ಹೊತ್ತಿನ ಪರೀಕ್ಷೆಯಾಯಿತು. ಹಾಲಿನ ಬಾಟಲಿ, ಅದರ ರಬ್ಬರ್ ನಿಪ್ಪಲ್, ಚಮಚ, ಪುಟ್ಟ ಬಟ್ಟಲು. ಒಂದು ಹನಿ ಸಾಲದು ಎಂದು ಡ್ರಾಪರ್ ತುಂಬ ಹಿಂಡಿ, ಬಾಟಲಿಯ ಮೂಲೆಮೂಲೆಗೂ ತಾಗುವಂತೆ ತಿರುಗಿಸುತ್ತಿದ್ದರು. ಭೇದಿ ಹೆಚ್ಚಾದಷ್ಟೂ ನನ್ನ ಮೇಲೆ ಅನುಮಾನ ಹೆಚ್ಚು, ಅನುಮಾನ ಹೆಚ್ಚಾದಷ್ಟೂ ಹನಿ ಹೆಚ್ಚು. ಬೆರಳು ಬಿರಿಯುವಂತೆ ತಿಕ್ಕಿ ತೊಳೆಯುತ್ತಿದ್ದೆ. ಬಣ್ಣ ಬರುತ್ತಿರಲಿಲ್ಲ. ಮಗು ಮಾತ್ರ ಗುಣವಾಗುತ್ತಿರಲಿಲ್ಲ.

ಗುಂಡಮ್ಮನ ಹೊಲಸು ಬಟ್ಟೆಗಳನ್ನು ವಾಷಿಂಗ್ ಸೋಡದಲ್ಲಿ ನೆನೆಸಿದಾಗ ನೀರು ತುಸು ಕೆಂಪಗಾಗುವುದನ್ನು ನಾನು ನೋಡಿದ್ದೆ. ಗಾಬರಿಯಾಗಿ ಇವರನ್ನು ಕರೆದು ತೋರಿಸಿದೆ, ರಕ್ತವೋ ಏನೋ ಎಂದು. ಇವರು ಬಾಗಿಲಲ್ಲೇ ನಿಂತು ಇಣುಕಿದರು. “ಯಾವ್ದೋ ಬಟ್ಟೆ ಬಣ್ಣ ಬಿಟ್ಟಿದೆ. ಎಲ್ಲಾ ಒಟ್ಟಿಗೆ ನೆನೆಹಾಕ್ಬೇಡ ಅಂತ ಎಷ್ಟ್ ಸಲ ಹೇಳ್ಬೇಕು ನಿನಗೆ?” ಹನಿ ಸಾಹೇಬರಿಗೆ ಆ ಬಣ್ಣ ಗುರುತು ಸಿಗಲಿಲ್ಲ. ತಪ್ಪು ನನ್ನದೇ ಇರಬೇಕು ಎಂದು ತೀರ್ಮಾನಿಸಿ ನೋಡಿದರೆ ಎಷ್ಟು ಕಲಿತ ಕಣ್ಣಾದರೂ ಅಷ್ಟೇ.

ಕೊನೆಗೆ ಮಕ್ಕಳ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಆಸ್ಪತ್ರೆಯ ಲೋಟದಲ್ಲಿ ಆಸ್ಪತ್ರೆಯ ಹಾಲು ಕುಡಿದು ಗುಂಡಮ್ಮ ವಾರದೊಳಗೆ ಹಾಸಿಗೆಯ ಕಂಬಿ ಹಿಡಿದು ನಿಂತಳು. ಖುಷಿಯಲ್ಲಿ ಮನೆಗೆ ಕರೆತಂದೆವು. ಮನೆಯಲ್ಲಿ ಮತ್ತೆ ಅದೇ. ಎರಡನೆಯ ಸಲ ಸೇರಿಸುವಾಗ ಅವಳಿಗೆ ಅಳಲು ಕಣ್ಣಲ್ಲಿ ನೀರಿರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ಡಾಕ್ಟರು ಈ ಸಲ ಮಗುವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು.

ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಗಾಜಿನ ನಳಿಕೆ, ಅದರಲ್ಲಿ ತಿಳಿ ಹಳದಿ ನೀರು.

“ಇದು ನಿಮ್ಮ ಮಗುವಿನ ಮಲದಿಂದ ಸೋಸಿ ತೆಗೆದದ್ದು,” ಅಂದರು ಡಾಕ್ಟರು. “ಈಗ ಇದಕ್ಕೆ ಸ್ವಲ್ಪ ಕ್ಷಾರ ಹಾಕ್ತೀನಿ. ಇಬ್ರೂ ನೋಡಿ.”

ಎರಡು ಹನಿ ಬಿಟ್ಟರು. ನೀರು ಗುಲಾಬಿಯಾಯಿತು.

ನನಗೆ ಆ ಗುಲಾಬಿ ಎಲ್ಲಿದ್ದರೂ ಗುರುತು ಸಿಗುತ್ತದೆ. ಆ ಬಣ್ಣದ ಎದುರು ನಾನು ವರ್ಷಗಟ್ಟಲೆ ತಲೆ ತಗ್ಗಿಸಿ ನಿಂತಿದ್ದೇನೆ. ಇವರ ಕಡೆ ತಿರುಗಿದೆ. ಇವರು ನಳಿಕೆಯನ್ನು ನೋಡಿದರು, ತಟ್ಟನೆ ತಮ್ಮ ಬೂಟಿನ ತುದಿ ನೋಡಿಕೊಂಡರು.

“ಇದು ಭೇದಿ ಆಗಲಿ ಅಂತ ಕೊಡೋ ಮಾತ್ರೆಗೆ ಹಾಕ್ತಿದ್ದ ಮದ್ದು,” ಅಂದರು ಡಾಕ್ಟರು. “ಈಗ ಬಳಕೆಯಿಂದ ತೆಗೆದಿದ್ದಾರೆ. ಇಷ್ಟು ಚಿಕ್ಕ ಮಗುವಿನ ಹೊಟ್ಟೆಗೆ ಇದು ತಾನಾಗೇ ಹೋಗಲ್ಲ. ಯಾರೋ ಕೊಡ್ತಿದ್ದಾರೆ. ಮನೇಲಿ ಮಗುಗೆ ಹಾಲು ಕುಡಿಸೋರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು. “ಇವಳೇ.”

ಮಾತು ಸುಳ್ಳಲ್ಲ. ಕುಡಿಸುತ್ತಿದ್ದವಳು ನಾನೇ.

“ಡಾಕ್ಟ್ರೇ, ಇದು ಇವರ ಬಾಟ್ಲಿ ಬಣ್ಣ,” ಅಂದೆ. “ನಮ್ಮನೆ ಸಿಂಕ್ ಮೇಲಿದೆ. ಪಾತ್ರೆ ತೊಳೆದ ಮೇಲೆ ಇವ್ರು ಹಾಕಿ ನೋಡ್ತಾರೆ. ಕೇಳಿ ಇವರನ್ನೇ. ಹೇಳ್ರೀ!”

ಡಾಕ್ಟರು ಇವರನ್ನು ನೋಡಿದರು. ಇವರು ಬೆನ್ನು ನೆಟ್ಟಗೆ ಮಾಡಿಕೊಂಡರು. “ನಾನು ಲ್ಯಾಬಲ್ಲಿ ಸುರಕ್ಷತೆ ಉಸ್ತುವಾರಿ ಮೇಡಂ. ಅಲ್ಲಿಯ ವಸ್ತು ಮನೆಗೆ ತರೋದು ನಿಯಮಕ್ಕೆ ವಿರುದ್ಧ.”

ತಂದಿಲ್ಲ ಎಂದು ಹೇಳಲಿಲ್ಲ, ಗಮನಿಸಿ. ನಿಯಮಕ್ಕೆ ವಿರುದ್ಧ ಎಂದರು ಅಷ್ಟೇ. ಕೇಳಿದವರು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. ಡಾಕ್ಟರು ಅಪ್ಪಣೆ ಮಾಡಿದರು: ಇನ್ನು ಮುಂದೆ ತಾಯಿ ಮಗುವಿನ ಹತ್ತಿರ ಒಬ್ಬಳೇ ಇರಕೂಡದು, ತಿನ್ನಿಸುವುದು ಕುಡಿಸುವುದು ನರ್ಸೇ ಮಾಡಬೇಕು, ಮಗುವನ್ನು ಮನೆಗೆ ಕಳಿಸುವ ಮಾತು ಆಮೇಲೆ, ಅದೂ ಯಾರ ಜೊತೆ ಕಳಿಸಬೇಕು ಎಂದು ವಿಚಾರಿಸಿದ ಮೇಲೆ. ವಾರ್ಡಿಗೆ ಬಂದಾಗ ನನ್ನ ಕೈಯಲ್ಲಿದ್ದ ಹಾಲಿನ ಬಾಟಲಿಯನ್ನು ನರ್ಸ್ ಇಸಿದುಕೊಂಡಳು. ಗುಂಡಮ್ಮ ಕಂಬಿಯ ಸಂದಿಯಿಂದ ನನ್ನ ಕಡೆ ಕೈ ಚಾಚಿದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. “ಅಲ್ಲೇ ನಿಂತ್ಕೊಳ್ಳಿ ಅಮ್ಮ,” ಅಂದಳು ನರ್ಸ್. ಆ ಒಂದು ಗಳಿಗೆ ನನಗೆ ಬದುಕುವುದೇ ಬೇಡ ಅನ್ನಿಸಿತು.

ತಿರುಗಿ ನೋಡಿದರೆ ಇವರಿಲ್ಲ. ಬಟ್ಟೆ ತರುತ್ತೇನೆ ಎಂದು ನರ್ಸಿಗೆ ಹೇಳಿ ಹೋಗಿದ್ದರು. ಮಗಳ ಬಟ್ಟೆಯ ಚೀಲ ನನ್ನ ಹೆಗಲಲ್ಲೇ ಇತ್ತು.

ಆಸ್ಪತ್ರೆಯಿಂದ ಮನೆಗೆ ಬಸ್ಸು ಬೇಕಿಲ್ಲ, ಓಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಸುರಿಯುವ ಸದ್ದು. ಹಲಗೆಯ ಮೇಲೆ ಉಪ್ಪಿನ ಡಬ್ಬಿ ಇತ್ತು, ಸೋಪು ಇತ್ತು, ನಡುವೆ ಒಂದು ದುಂಡಗಿನ ಗುರುತು ಮಾತ್ರ ಉಳಿದಿತ್ತು.

ಇವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗೊತ್ತಿರಲು ಇವರು ಯಾವತ್ತಾದರೂ ಆ ಸಿಂಕಿನಲ್ಲಿ ಒಂದು ಚಮಚ ತೊಳೆದಿದ್ದರೆ ತಾನೇ? ಹಿಂದಿನ ದಿನ ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಸಿಂಕಿನ ತೂತು ಮುಚ್ಚಿ, ಪಾತ್ರೆ ಒರೆಸುವ ಬಟ್ಟೆಗಳನ್ನು ಗಟ್ಟಿ ಸೋಡ ನೀರಿನಲ್ಲಿ ನೆನೆಸಿಟ್ಟು ಹೋಗಿದ್ದೆ. ಇವರು ಬಂದವರೇ ಬಾಟಲಿ ಎತ್ತಿ ಅದರ ಮೇಲೆ ಬಗ್ಗಿಸಿದ್ದರು. ಸಿಂಕು ತುಂಬ ಗುಲಾಬಿ. ಬಟ್ಟೆಗಳು ಗುಲಾಬಿ, ನಲ್ಲಿಯ ಬುಡ ಗುಲಾಬಿ, ಇವರ ಕೈ ಮಣಿಕಟ್ಟಿನವರೆಗೆ ಗುಲಾಬಿ. ಪ್ರಯೋಗಾಲಯದಲ್ಲಿ ಗವಸು ಇಲ್ಲದೆ ಮುಚ್ಚಳ ಮುಟ್ಟದ ಕೈ. ನೀರು ಬಿಟ್ಟಷ್ಟೂ ಅದು ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತಿತ್ತು.

ನನ್ನನ್ನು ನೋಡಿ ಬೆಚ್ಚಲಿಲ್ಲ. ಕೆಲಸದ ನಡುವೆ ಇರುವವರಂತೆ, “ವಿನೆಗರ್ ಎಲ್ಲಿಟ್ಟಿದ್ದೀಯ?” ಅಂದರು. “ಸ್ವಲ್ಪ ಹುಳಿ ಬಿದ್ರೆ ಬಣ್ಣ ಹೋಗ್ಬಿಡುತ್ತೆ.”

“ಬಣ್ಣ ಹೋಗುತ್ತೆ,” ಅಂದೆ. “ಒಳಗಿರೋದು ಹೋಗುತ್ತಾ?”

ಆಗ ಕೂತುಬಿಟ್ಟರು, ಅಲ್ಲೇ ಒದ್ದೆ ನೆಲದ ಮೇಲೆ. ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತರು. “ನನಗೆ ಗೊತ್ತಿರ್ಲಿಲ್ಲ ಕಣೇ. ಅದು ಹೊಟ್ಟೆಗೆ ಹೋದ್ರೆ ಏನಾಗುತ್ತೆ ಅಂತ ಆಣೆಗೂ ಗೊತ್ತಿರ್ಲಿಲ್ಲ.” ನಾನು ನಂಬಿದೆ. ಈಗಲೂ ನಂಬುತ್ತೇನೆ. ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಇವರು ಯಾಕೆ ಯೋಚಿಸಬೇಕು? ಹೊಟ್ಟೆಗೆ ಹೋಗಬಾರದು ಎಂಬ ನಿಯಮ ಇತ್ತಲ್ಲ.

ನಾನು ಪಕ್ಕದಲ್ಲಿ ಕೂತೆ, ಬೆನ್ನು ಸವರಿಯೇ ಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ಮಾತು ಹೇಳಿದರು.

“ಒಂದ್ಕೆಲಸ ಮಾಡು. ಡಾಕ್ಟ್ರ ಹತ್ರ ನೀನೇ ಗೊತ್ತಿಲ್ದೆ ಏನೋ ಕೊಟ್ಬಿಟ್ಟೆ ಅಂತ ಹೇಳು. ಯಾವ್ದೋ ಹಳೇ ಮಾತ್ರೆ, ಮಲಬದ್ಧತೆ ಅಂತ. ಗೊತ್ತಿಲ್ದೆ ಮಾಡಿದ್ರೆ ತಾಯಿನ ಯಾರೂ ಏನೂ ಮಾಡಲ್ಲ. ನನ್ನನ್ನ ಬಿಡಲ್ಲ. ನನಗೆ ಗೊತ್ತಿರ್ಬೇಕಿತ್ತು ಅಂತಾರೆ.”

“ಮಗುನ ನನ್ನ ಕೈಗೆ ಕೊಡಲ್ಲ ಅಂದಿದ್ದಾರಲ್ರೀ.”

“ಸ್ವಲ್ಪ ದಿನ. ನನ್ನ ಕೈಗೆ ಕೊಡ್ತಾರಲ್ಲ. ಆಮೇಲೆ ಎಲ್ಲಾ ಸರಿಹೋಗುತ್ತೆ.”

ನಾನು ಎದ್ದೆ. ಮುಂದಿನ ಕೋಣೆಗೆ ಹೋಗಿ ಗುಂಡಿಗಳ ಗಾಜಿನ ಭರಣಿಯನ್ನು ನೆಲಕ್ಕೆ ಸುರುವಿದೆ. ಬಣ್ಣಬಣ್ಣದ ಗುಂಡಿಗಳು ಯಂತ್ರದ ಕೆಳಗೆಲ್ಲ ಉರುಳಿದವು. ಸಿಂಕಿನಲ್ಲಿ ಭರಣಿ ಮುಳುಗಿಸಿ ತುಂಬ ಮೊಗೆದೆ. ಕಸದ ಬುಟ್ಟಿಯಿಂದ ಕಂದು ಬಾಟಲಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡೆ. ಇವರು ಅಡ್ಡ ಬರಲಿಲ್ಲ. “ಕೆಲಸ ಹೋಗುತ್ತೆ ಕಣೇ, ಮಾನ ಹೋಗುತ್ತೆ,” ಎನ್ನುತ್ತ ಬೀದಿಯುದ್ದಕ್ಕೂ ಹಿಂದೆ ಹಿಂದೆ ಬಂದರು. ಹಾಲಿನ ಅಂಗಡಿಯವನು ನಮ್ಮನ್ನು ನೋಡಿ ಗಂಡ ಹೆಂಡತಿ ಜಗಳ ಅಂದುಕೊಂಡಿರಬೇಕು. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಡಾಕ್ಟರ ಮೇಜಿನ ಮೇಲೆ ಆ ನಳಿಕೆ ಇನ್ನೂ ಇತ್ತು. ಅದರ ಪಕ್ಕದಲ್ಲಿ ನನ್ನ ಭರಣಿ ಇಟ್ಟೆ, ಅದರ ಪಕ್ಕದಲ್ಲಿ ಚೀಟಿ ಇಲ್ಲದ ಬಾಟಲಿ. ಡಾಕ್ಟರು ಬಾಗಿಲಲ್ಲಿ ನಿಂತ ಇವರ ಕೈಗಳನ್ನು ನೋಡಿದರು. ಉಗುರಿನ ಸಂದಿಯಲ್ಲಿ ಬಣ್ಣ ಇನ್ನೂ ಹೋಗಿರಲಿಲ್ಲ.

“ಬೆಳಿಗ್ಗೆ ಈ ಬಣ್ಣ ನೋಡಿದ ಕೂಡ್ಲೇ ನಿಮಗೆ ಗೊತ್ತಾಯ್ತಾ?” ಎಂದು ಕೇಳಿದರು.

ಇವರು ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡು, “ಹೂಂ,” ಅಂದರು.

ನರ್ಸ್ ಗುಂಡಮ್ಮನನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಅವಳ ತೂಕ ನನ್ನ ತೊಡೆಗೆ ಗೊತ್ತೇ ಆಗಲಿಲ್ಲ. ಡಾಕ್ಟರು ನನ್ನ ಹತ್ತಿರ ಕ್ಷಮೆ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಅವರಿಗೆ ಕಂಡದ್ದನ್ನು ಅವರು ಹೇಳಿದ್ದರು. ಹನಿ ಹಾಕಿದ್ದಕ್ಕೂ ಇವರ ಮೇಲೆ ಸಿಟ್ಟಿಲ್ಲ. ನೀರು ಗುಲಾಬಿಯಾದದ್ದಕ್ಕೂ ಇವರು “ಇವಳೇ” ಅಂದದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತಲ್ಲ, ಅದರಲ್ಲಿ ಇವರು ಮಗಳ ಪ್ರಾಣವನ್ನೂ ನನ್ನನ್ನೂ ತಮ್ಮ ಕೆಲಸವನ್ನೂ ತೂಗಿ ನೋಡಿದರು. ಅದನ್ನು ನಾನು ಕ್ಷಮಿಸುವುದಿಲ್ಲ. ಸತ್ತರೂ ಇಲ್ಲ.

ಕೆಲಸ ಹೋಗಲಿಲ್ಲ. ಉಸ್ತುವಾರಿ ಮಾತ್ರ ಹೋಯಿತು. ಈಗ ಆ ಪ್ರಯೋಗಾಲಯದಲ್ಲಿ ಕಿರಿಯವಳೊಬ್ಬಳು ಇವರಿಗೆ ನಿಯಮ ಹೇಳಿಕೊಡುತ್ತಾಳಂತೆ. ಇವರು ತಮ್ಮ ಅಕ್ಕನ ಮನೆಯಲ್ಲಿದ್ದಾರೆ. ಗುಂಡಮ್ಮನ ಫ್ರಾಕುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ಮತ್ತೆ ದೊಡ್ಡದು ಮಾಡಿದ್ದೇನೆ. ರಜೆಯ ದಿನ ಮಧ್ಯಾಹ್ನ ಇವರು ಮಗಳನ್ನು ನೋಡಲು ಬರುತ್ತಾರೆ. ಅವಳು ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಳ್ಳುತ್ತಾಳೆ, ಅವಳಿಗೇನು ಗೊತ್ತು. ಹಾಲು ಕುಡಿದ ಮೇಲೆ ಅವಳ ಲೋಟವನ್ನು ಇವರೇ ಸಿಂಕಿಗೆ ಒಯ್ಯುತ್ತಾರೆ. ನಾನು ಹೇಳಿದ್ದಲ್ಲ, ತಾವಾಗಿಯೇ. ಅಂಗಿಯ ತೋಳು ಮಡಚಿ, ತಿಕ್ಕಿ, ನಲ್ಲಿಯ ಕೆಳಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ತೊಳೆಯುತ್ತಾರೆ.

ಹೋದ ಸಲ ತೊಳೆದವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. “ನೋಡು,” ಅಂದರು. “ಸರಿ ಇದೆಯಾ?”

ತೆಗೆದುಕೊಂಡು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಒಳಗೆ ಹೊರಗೆ ನೋಡಿದೆ, ಮೂಸಿ ನೋಡಿದೆ. ಲೋಟ ಶುದ್ಧವಾಗಿಯೇ ಇತ್ತು.

“ಇನ್ನೊಂದ್ಸಲ ತೊಳೀರಿ,” ಅಂದೆ.